ಗುರುವಾರದಿಂದ ಗುರುವಾರದವರೆಗೆ

ಐವತ್ತು ನಿಮಿಷದ ಮಾತು ಮುಗಿದಿತ್ತು. ಅವಳು ಚಪ್ಪಲಿ ಮೆಟ್ಟಿಕೊಂಡಳು, ಮೂಲೆಯಲ್ಲಿ ನೀರು ಇಳಿಸುತ್ತಿದ್ದ ಕೊಡೆ ಎತ್ತಿಕೊಂಡಳು, ಬಾಗಿಲ ಚಿಲಕದ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗದೆ ಹೇಳಿದಳು: "ಮುಂದಿನ ಗುರುವಾರ ಬರ್ತೇನೋ ಇಲ್ವೋ ಗೊತ್ತಿಲ್ಲ ಅಕ್ಕ. ನೀವು ಕಾಯ್ಬೇಡಿ."

ನಾವು ಕೆಲವು ಗೆಳತಿಯರು ಇದಕ್ಕೆ 'ಬಾಗಿಲ ಮಾತು' ಎಂದು ಹೆಸರಿಟ್ಟಿದ್ದೇವೆ. ಕೂತಿದ್ದಷ್ಟು ಹೊತ್ತು ಅತ್ತೆಯ ಕೊಂಕು, ಮಗುವಿನ ಶಾಲೆಯ ಫೀಸು, ಗಂಡನ ಓವರ್‌ಟೈಮು ಎಂದೆಲ್ಲ ಹೇಳಿ, ನಿಜವಾಗಿ ಹೇಳಬೇಕಾದ್ದನ್ನು ಎದ್ದು ನಿಂತ ಮೇಲೆ ಹೇಳುವುದು. ಹೊರಗೆ ಬೆಂಚಿನ ಮೇಲೆ ಮುಂದಿನವರು ಕಾಯುತ್ತಿದ್ದರು. ಅವಳು ಮುಲುಂಡಿನಲ್ಲಿ ಸ್ಲೋ ಲೋಕಲ್ ಹಿಡಿದು ಎಂಟೂವರೆಯೊಳಗೆ ಡೊಂಬಿವಲಿಯ ಮನೆ ಸೇರಿ ಕುಕ್ಕರ್ ಇಡಬೇಕು. ನನ್ನಲ್ಲಿಗೆ ಬರುವುದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಟೈಲರಿಂಗ್ ಕ್ಲಾಸ್ ಎಂದು ಹೇಳಿ ಬರುತ್ತಾಳೆ.

ಆ ಸಂಜೆ ನಾನೇನು ಮಾಡಿದೆ ಎಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು, ಏನು ಮಾಡಬಾರದು ಎಂಬುದನ್ನು ಎಷ್ಟು ತಡವಾಗಿ ಕಲಿತೆ ಎಂದು ಹೇಳಬೇಕು.

ಹದಿಮೂರು ವರ್ಷಗಳಿಂದ ಮುಂಬಯಿಯ ಉಪನಗರಗಳಲ್ಲಿ ಆಪ್ತಸಲಹೆಯ ಕೆಲಸ ಮಾಡುತ್ತಿದ್ದೇನೆ. ನನ್ನಲ್ಲಿಗೆ ಬರುವವರಲ್ಲಿ ಅರ್ಧದಷ್ಟು ಮಂದಿ ಕನ್ನಡದವರು: ಹೋಟೆಲಿನವರು, ಬ್ಯಾಂಕಿನವರು, ಉಡುಪಿಯಿಂದಲೋ ವಿಜಯಪುರದಿಂದಲೋ ಮದುವೆಯಾಗಿ ಬಂದು ಒಂದು ಕೋಣೆ, ಒಂದು ಅಡುಗೆಮನೆಯ ಸಂಸಾರ ಸೇರಿದ ಹೆಣ್ಣುಮಕ್ಕಳು, ಇಲ್ಲೇ ಹುಟ್ಟಿ ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಹೊರಗೆ ಮರಾಠಿಯನ್ನೋ ಆಡುವ ಹುಡುಗ ಹುಡುಗಿಯರು. ಈ ಬರಹದಲ್ಲಿ ಬರುವವರ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ವಾರಕ್ಕೆ 168 ಗಂಟೆ. ಅದರಲ್ಲಿ ಒಬ್ಬರು ನನ್ನೆದುರು ಕೂರುವುದು ಒಂದು ಗಂಟೆಗೂ ಕಡಿಮೆ. ಉಳಿದ 167 ಗಂಟೆ ಅವರು ಎಲ್ಲಿ ಇರುತ್ತಾರೆ, ಯಾರ ಜೊತೆ ಇರುತ್ತಾರೆ, ಮಧ್ಯರಾತ್ರಿ ಒಂದು ಗಂಟೆಗೆ ಎದ್ದು ಕೂತಾಗ ಅವರ ತಲೆಯಲ್ಲಿ ಏನು ಓಡುತ್ತಿರುತ್ತದೆ ಎಂಬುದೊಂದೂ ನನಗೆ ಕಾಣುವುದಿಲ್ಲ. "ನಿಮಗೆ ಅಭ್ಯಾಸವಾಗಿರುತ್ತದೆ ಅಲ್ವಾ, ಮನೆಗೆ ಹೋದ ಮೇಲೆ ಮರೆತುಬಿಡ್ತೀರಿ" ಎಂದು ನೆಂಟರು ಕೇಳುತ್ತಾರೆ. ಮರೆಯುವುದಿಲ್ಲ. ಮಡಿಲಲ್ಲಿ ಕೆಂಡ ಕಟ್ಟಿಕೊಂಡು ರೈಲು ಹತ್ತಿದ ದಿನಗಳು ಬೇಕಾದಷ್ಟಿವೆ.

ಈ ಚಿಂತೆಗೆ ನಮ್ಮ ವೃತ್ತಿಯಲ್ಲಿ ಎರಡು ಸುಲಭದ ಔಷಧಗಳು ಚಾಲ್ತಿಯಲ್ಲಿವೆ. ಒಂದು, "ಯಾವ ಹೊತ್ತಿಗಾದರೂ ನನಗೆ ಫೋನ್ ಮಾಡು" ಎಂದು ಮಾತು ಕೊಡುವುದು. ಇನ್ನೊಂದು, ಅವರಿಗೆ ತಿಳಿಯದಂತೆ ಮನೆಯವರ ಕಿವಿಗೆ ಹಾಕುವುದು. ಎರಡನ್ನೂ ನಾನು ಮಾಡಿದ್ದೇನೆ. ಎರಡೂ ಬಹುಮಟ್ಟಿಗೆ ಥೆರಪಿಸ್ಟಿನ ನಿದ್ದೆಗೆ ಅನುಕೂಲ ಮಾಡಿಕೊಡುತ್ತವೆ. ಎದುರಿಗೆ ಕೂತವರ ಜೀವಕ್ಕೆ ಅಷ್ಟಾಗಿ ಆಗಿಬರುವುದಿಲ್ಲ ಎಂಬುದು ಈಗ ನನ್ನ ಅಭಿಪ್ರಾಯ. ಆ ಚಿಂತೆಯನ್ನು ಅವರು ಎದುರಿಗಿರುವಾಗಲೇ, ಅವರ ಜೊತೆ ಸೇರಿಯೇ ಕೆಲಸವಾಗಿ ಮಾಡಿಕೊಳ್ಳಬೇಕು. ಮನೆಗೆ ಹೊತ್ತುಕೊಂಡು ಹೋದ ಚಿಂತೆಯಿಂದ ಯಾರಿಗೂ ರಕ್ಷಣೆ ಸಿಗುವುದಿಲ್ಲ.

ಮೊದಲ ತಪ್ಪು. ಕೆಲಸ ಶುರುಮಾಡಿದ ಎರಡನೇ ವರ್ಷ. ಕಾಲೇಜು ಓದುತ್ತಿದ್ದ ಒಬ್ಬ ಹುಡುಗಿಗೆ ನನ್ನ ಸ್ವಂತ ನಂಬರ್ ಕೊಟ್ಟು, "ಎಷ್ಟು ಹೊತ್ತಿಗಾದ್ರೂ ಮಾಡು, ನಾನು ಎತ್ತುತ್ತೇನೆ" ಎಂದಿದ್ದೆ. ಒಂದು ಸಂಜೆ ದಾದರಿನಲ್ಲಿ ಫಾಸ್ಟ್ ಲೋಕಲ್ ಹತ್ತಿದೆ. ಮಹಿಳೆಯರ ಡಬ್ಬಿಯಲ್ಲಿ ಕೈ ಎತ್ತಲೂ ಜಾಗವಿಲ್ಲ, ಬ್ಯಾಗು ಮೇಲಿನ ಹಲಗೆಯ ಮೇಲೆ ಯಾರದೋ ಬ್ಯಾಗಿನ ಅಡಿಯಲ್ಲಿ. ಡೊಂಬಿವಲಿಯಲ್ಲಿ ಇಳಿದು ನೋಡಿದರೆ ಅವಳಿಂದ ಹನ್ನೊಂದು ಮಿಸ್ಡ್ ಕಾಲ್. ತಿರುಗಿ ಮಾಡಿದೆ, ಸ್ವಿಚ್ ಆಫ್. ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಕೂತು ಎರಡು ಗಂಟೆ ಒಂದೇ ನಂಬರ್ ಒತ್ತುತ್ತಾ ಇದ್ದೆ. ಅವಳ ಮನೆ ಎಲ್ಲಿದೆ ಎಂಬುದೇ ನನಗೆ ಗೊತ್ತಿರಲಿಲ್ಲ, ಬೇರೆ ಯಾರಿಗೆ ಫೋನ್ ಮಾಡಬಹುದು ಎಂದು ಕೇಳಿರಲೇ ಇಲ್ಲ. ಕೊನೆಗೆ ಅವಳೇ ಮೆಸೇಜ್ ಹಾಕಿದಳು, ಬದುಕಿದ್ದಳು. ಮುಂದಿನ ವಾರ ಬಂದಾಗ ಹೇಳಿದ್ದು ಒಂದೇ ಮಾತು: "ನೀವೂ ಎಲ್ಲರ ಹಾಗೇ."

ಅವಳದೇನೂ ತಪ್ಪಿಲ್ಲ. ಪಾಲಿಸಲಾಗದ ಮಾತನ್ನು ಕೊಟ್ಟವಳು ನಾನು. ಮುಂಬಯಿಯಲ್ಲಿ ಬದುಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ರೈಲೂ ನಿಂತಿತ್ತು, ಮೊಬೈಲೂ ಕೈಕೊಟ್ಟಿತ್ತು. ಆ ರಾತ್ರಿ ಯಾರ್ಯಾರು ಎಲ್ಲೆಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಎಂಬುದು ಈ ಊರಿಗೆ ಗೊತ್ತಿರಲಿಲ್ಲ. ಅಂಥ ಮಹಾಮಳೆಯೇ ಬೇಕೆಂದಿಲ್ಲ. ಬ್ಯಾಟರಿ ಮುಗಿಯುವುದು, ಮಗುವಿಗೆ ಜ್ವರ ಬರುವುದು, ನಾನೂ ಒಬ್ಬ ಮನುಷ್ಯಳಾಗಿ ಗಾಢ ನಿದ್ದೆಗೆ ಜಾರುವುದು, ಇಷ್ಟು ಸಾಕು. ಒಂದೇ ಫೋನಿಗೆ ಒಂದು ಜೀವವನ್ನು ಗಂಟುಹಾಕುವುದನ್ನು ನಾನು ಪ್ರೀತಿ ಎಂದುಕೊಂಡಿದ್ದೆ.

ಎರಡನೇ ತಪ್ಪು ಇನ್ನೂ ಕಹಿ. ಹೋಟೆಲೊಂದರಲ್ಲಿ ಕೆಲಸ ಮಾಡುತ್ತಿದ್ದ ಹುಡುಗ. ಮಧ್ಯಾಹ್ನದ ಬಿಡುವಿನಲ್ಲಿ, ಮೂರರಿಂದ ನಾಲ್ಕರ ನಡುವೆ ಬರುತ್ತಿದ್ದ. "ಮನಸ್ಸು ಸರಿಯಿಲ್ಲ" ಎನ್ನುತ್ತಿದ್ದ, ಅದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ. ಒಂದು ವಾರ ಬರಲಿಲ್ಲ, ಫೋನೂ ಎತ್ತಲಿಲ್ಲ. ನನಗೆ ಗಾಬರಿಯಾಗಿ, ಫಾರ್ಮಿನಲ್ಲಿ ಬರೆದಿದ್ದ ಅಣ್ಣನ ನಂಬರಿಗೆ ಕರೆ ಮಾಡಿದೆ. ಅಣ್ಣನಿಗೆ ಏನೂ ಗೊತ್ತಿರಲಿಲ್ಲ. ನಾನು ಯಾರು ಎಂದು ಹೇಳುವಷ್ಟರಲ್ಲಿ ಎಲ್ಲ ಗೊತ್ತಾಗಿಹೋಯಿತು. ಎರಡು ದಿನದಲ್ಲಿ ಹುಡುಗನನ್ನು ಊರಿಗೆ ಕರೆದುಕೊಂಡು ಹೋದರು. ತಿಂಗಳ ನಂತರ ಅವನಿಂದ ಒಂದು ಮೆಸೇಜ್ ಬಂತು. ಆ ದಿನ ಜ್ವರ ಬಂದು ಹೋಟೆಲಿನ ಅಟ್ಟದ ಮೇಲೆ ಮಲಗಿದ್ದನಂತೆ. ಈಗ ಕೆಲಸವೂ ಇಲ್ಲ, ಮದುವೆಯ ಮಾತೂ ನಿಂತಿದೆ, ಊರಲ್ಲಿ ಎಲ್ಲರೂ ಒಂಥರಾ ನೋಡುತ್ತಾರೆ ಎಂದು ಬರೆದಿದ್ದ. ಬೈದಿರಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಆ ಫೋನ್ ಮಾಡಿದ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಾನು ಹೇಳಬೇಕೆಂದಿರುವ ವಿಷಯವೇ ಇದು. ನನ್ನ ಚಿಂತೆ ಅಣ್ಣನ ತಲೆಗೆ ವರ್ಗವಾಯಿತು, ನನ್ನ ಎದೆ ಹಗುರಾಯಿತು. ಹುಡುಗನ ಪರಿಸ್ಥಿತಿ ಮೊದಲಿಗಿಂತ ಕೆಟ್ಟಿತು.

ಚಿಂತೆಯನ್ನು ಹೀಗೆ ಇನ್ನೊಬ್ಬರ ಟೇಬಲ್ಲಿಗೆ ದಾಟಿಸಿ ಕೈತೊಳೆದುಕೊಳ್ಳುವುದರ ಅಪಾಯವನ್ನು ತೋರಿಸುವ ಒಂದು ಹೆಸರಾಂತ ಪ್ರಕರಣವಿದೆ. ಅದರ ಕೇಂದ್ರದಲ್ಲಿದ್ದವನು ಭಾರತದಿಂದ ಅಮೆರಿಕಕ್ಕೆ ಓದಲು ಹೋಗಿದ್ದ ವಿದ್ಯಾರ್ಥಿ, ಪ್ರೊಸೆನ್‌ಜಿತ್ ಪೊದ್ದಾರ್. 1969ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ, ತನ್ನನ್ನು ಒಲ್ಲದ ತತ್ಯಾನಾ ತರಸಾಫ್ ಎಂಬ ಹುಡುಗಿಯನ್ನು ಕೊಲ್ಲುವ ಯೋಚನೆಯಿದೆ ಎಂದು ಅವನು ತನ್ನ ಥೆರಪಿಸ್ಟಿಗೆ ಹೇಳಿದ್ದ. ಥೆರಪಿಸ್ಟ್ ಕ್ಯಾಂಪಸ್ ಪೊಲೀಸರಿಗೆ ತಿಳಿಸಿದರು. ಪೊಲೀಸರು ಅವನ ಜೊತೆ ಮಾತಾಡಿ, ಸರಿಯಾಗಿದ್ದಾನೆ ಎಂದು ಬಿಟ್ಟರು. ಹುಡುಗಿಗಾಗಲಿ ಅವಳ ಮನೆಯವರಿಗಾಗಲಿ ಯಾರೂ ಒಂದು ಮಾತು ಹೇಳಲಿಲ್ಲ. ಅವಳು ಕೊಲೆಯಾದಳು. ಅಪಾಯದಲ್ಲಿರುವವರನ್ನು ಕಾಪಾಡುವ ಹೊಣೆ ಥೆರಪಿಸ್ಟಿಗೆ ಇದೆ ಎಂದು 1976ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಜಗತ್ತಿನ ಬಹಳಷ್ಟು ಕಡೆ ಮನಶ್ಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಗುಟ್ಟು ಮುರಿಯಬೇಕಾದ ಸಂದರ್ಭದ ಪಾಠವಾಗಿ ಓದುತ್ತಾರೆ. ನನಗೆ ಅದರಲ್ಲಿ ಇನ್ನೊಂದು ಪಾಠ ಕಾಣುತ್ತದೆ. ಅಲ್ಲಿ ಹೇಳಬೇಕಾದವರು ಒಬ್ಬರಿಗೆ ಹೇಳಿದ್ದರು, ಮಾಹಿತಿ ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಹೋಗಿತ್ತು. ತಲುಪಬೇಕಾದ ಜೀವಕ್ಕೆ ಮಾತ್ರ ತಲುಪಲಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲನೆಯದು, ನೇರವಾಗಿ ಕೇಳುವುದು.

ಸಾವಿನ ಬಗ್ಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಮನೆಯವರಿಗೆ ಮಾತ್ರವಲ್ಲ, ಹೊಸ ಥೆರಪಿಸ್ಟುಗಳಿಗೂ ಇದೆ. ಇದುವರೆಗಿನ ಸಂಶೋಧನೆಗಳು ಈ ಭಯಕ್ಕೆ ಆಧಾರ ಕೊಟ್ಟಿಲ್ಲ. ಕೇಳಿದಾಗ ಬಹಳ ಮಂದಿಗೆ ಆಗುವುದು ನಿರಾಳ. ಆದರೆ ಯಾವ ಭಾಷೆಯಲ್ಲಿ ಕೇಳುತ್ತೇವೆ ಎಂಬುದೂ ಮುಖ್ಯ. ನನ್ನೆದುರು ಕೂತ ಕನ್ನಡದವರು 'ಆತ್ಮಹತ್ಯೆ' ಎಂಬ ಶಬ್ದ ಬಳಸಿದ್ದು ಅಪರೂಪ. ಅದು ಪತ್ರಿಕೆಯ ಶಬ್ದ. ಅವರು ಹೇಳುವುದು "ಸಾಕಾಗಿಹೋಗಿದೆ", "ಎಲ್ಲಾದ್ರೂ ಹೋಗಿಬಿಡುವ ಅನ್ನಿಸ್ತದೆ", "ದೇವ್ರು ಕರ್ಕೊಂಡ್ರೆ ಸಾಕು", "ನಾನಿಲ್ದಿದ್ರೆ ಇವ್ರೆಲ್ಲ ಆರಾಮಾಗಿರ್ತಾರೆ". ಇವೆಲ್ಲ ಒಂದೇ ಅಲ್ಲ. ದೇವರು ಕರೆದುಕೊಳ್ಳಲಿ ಎನ್ನುವ ಅಜ್ಜಿ ದಣಿವನ್ನು ಹೇಳುತ್ತಿರಬಹುದು. ನಾನಿಲ್ಲದಿದ್ದರೆ ಇವರೆಲ್ಲ ಆರಾಮಾಗಿರುತ್ತಾರೆ ಎಂದು ಲೆಕ್ಕ ಹಾಕುತ್ತಿರುವ, ಸಾಲ ಮಾಡಿಕೊಂಡ ನಲವತ್ತರ ಗಂಡಸಿನ ಮಾತು ಬೇರೆ. ಎರಡನೆಯದನ್ನು ಕೇಳಿದಾಗ ನಾನು ತಡಮಾಡುವುದಿಲ್ಲ. "ಸಾಯಬೇಕು ಅಂತ ಅನ್ನಿಸ್ತಿದೆಯಾ? ಹೇಗೆ, ಯಾವಾಗ ಅಂತ ಯೋಚನೆ ಮಾಡಿದ್ದೀರಾ? ಹಿಂದೆ ಯಾವಾಗಾದ್ರೂ ಹೀಗಾಗಿತ್ತಾ? ಇವತ್ತು ರಾತ್ರಿ ಜೊತೆಯಲ್ಲಿ ಯಾರಿರ್ತಾರೆ?" ಎಂದು ಕೇಳುತ್ತೇನೆ. ಈ ಪ್ರಶ್ನೆಗಳನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಕೇಳಿದರೆ ಹೌದು, ಇಲ್ಲ ಎಂಬ ಉತ್ತರ ಬರುತ್ತದೆ. ಕನ್ನಡದಲ್ಲಿ ಕೇಳಿದರೆ ಕೆಲವೊಮ್ಮೆ ಅಳು ಬರುತ್ತದೆ, ಅದರ ಹಿಂದೆಯೇ ವಿವರ ಬರುತ್ತದೆ.

ಅಪಾಯ ತೀರ ಹತ್ತಿರದಲ್ಲಿದೆ ಎನಿಸಿದರೆ ನನ್ನ ಕೋಣೆ ಸಾಲದು, ಅಂಥವರು ಆಸ್ಪತ್ರೆಗೆ ಹೋಗಬೇಕು. ಪರೇಲಿನ ಕೆ.ಇ.ಎಂ., ಸಯನ್, ನಾಯರ್ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಒಬ್ಬರೇ ಹೋಗಿ ಎಂದು ಚೀಟಿ ಬರೆದು ಕಳಿಸಿದರೆ ಸಾಲದು. ಯಾರು ಜೊತೆಯಲ್ಲಿ ಹೋಗುತ್ತಾರೆ ಎಂಬುದು ತೀರ್ಮಾನವಾದ ಮೇಲಷ್ಟೇ ಅವರನ್ನು ಬಾಗಿಲು ದಾಟಲು ಬಿಡಬೇಕು.

ಅಷ್ಟು ತುರ್ತಿಲ್ಲದಿದ್ದರೆ ಎರಡನೆಯ ಕೆಲಸ: ಒಂದು ಕಾಗದ.

ನಮ್ಮ ಜನರಲ್ಲಿ ಇದಕ್ಕೆ ಮೊದಲಿನಿಂದ ಇರುವ ಪದ್ಧತಿ ಆಣೆ. "ತಾಯಿಯ ಮೇಲೆ ಆಣೆ ಮಾಡು, ಇನ್ನು ಇಂಥ ಯೋಚನೆ ಮಾಡುವುದಿಲ್ಲ ಅಂತ." ದೇವರ ಮುಂದೆ ನಿಲ್ಲಿಸಿ ಪ್ರಮಾಣ ಮಾಡಿಸಿದ ಮನೆಗಳು ನನಗೆ ಗೊತ್ತು. ಪಶ್ಚಿಮದ ಥೆರಪಿಯಲ್ಲೂ ಇದರ ತಮ್ಮನೊಬ್ಬನಿದ್ದ. "ನನ್ನನ್ನು ನಾನು ಹಾನಿ ಮಾಡಿಕೊಳ್ಳುವುದಿಲ್ಲ" ಎಂದು ಬರೆಸಿ ಸಹಿ ಹಾಕಿಸಿಕೊಳ್ಳುವ ಕರಾರು ಬಹುಕಾಲ ಚಾಲ್ತಿಯಲ್ಲಿತ್ತು. ಅದು ಜೀವ ಉಳಿಸುತ್ತದೆ ಎಂಬುದಕ್ಕೆ ಸಾಕಷ್ಟು ಪುರಾವೆ ಸಿಗಲಿಲ್ಲ. ಆಣೆಯ ತೊಂದರೆ ಏನೆಂದರೆ ಅದು ಬಾಯಿ ಮುಚ್ಚಿಸುತ್ತದೆ. ಮತ್ತೆ ಆ ಯೋಚನೆ ಬಂದಾಗ, ತಾಯಿಯ ಮೇಲಿನ ಆಣೆ ಮುರಿದೆನೆಂಬ ಪಾಪಭೀತಿಯೂ ಸೇರಿಕೊಂಡು, ಯಾರಿಗೂ ಹೇಳಲಾಗದೆ ಹೋಗುತ್ತದೆ.

ಅದರ ಬದಲಿಗೆ ಈಗ ಬಳಸುವುದು ಬಾರ್ಬರಾ ಸ್ಟ್ಯಾನ್ಲಿ, ಗ್ರೆಗರಿ ಬ್ರೌನ್ ಎಂಬ ಮನಶ್ಶಾಸ್ತ್ರಜ್ಞರು ರೂಪಿಸಿದ ಸುರಕ್ಷತಾ ಯೋಜನೆ. ಅದರಲ್ಲಿ ಆರು ಮೆಟ್ಟಿಲು. ಕೆಟ್ಟ ಹೊತ್ತು ಬರುತ್ತಿದೆ ಎಂದು ನನಗೆ ಗೊತ್ತಾಗುವುದು ಹೇಗೆ? ಆಗ ನಾನೊಬ್ಬಳೇ ಏನು ಮಾಡಿಕೊಳ್ಳಬಲ್ಲೆ? ಮನಸ್ಸು ಬೇರೆ ಕಡೆ ಹೋಗಲು ಯಾರ ಬಳಿ, ಎಲ್ಲಿಗೆ ಹೋಗಬಹುದು? ಯಾರಿಗೆ ಬಾಯಿಬಿಟ್ಟು ಹೇಳಬಹುದು? ಯಾವ ವೈದ್ಯರಿಗೆ, ಯಾವ ಸಹಾಯವಾಣಿಗೆ ಫೋನ್ ಮಾಡಬೇಕು? ಹಾನಿ ಮಾಡುವಂಥ ವಸ್ತುಗಳನ್ನು ಕೈಗೆ ಸಿಗದಂತೆ ಯಾರ ಬಳಿ ಇಡಬೇಕು? ಇಷ್ಟನ್ನೂ ಬಂದವರ ಮಾತಿನಲ್ಲೇ, ಅವರ ಕೈಯಲ್ಲೇ ಬರೆಸುವುದು. ಇಂಥ ಯೋಜನೆಯ ಜೊತೆಗೆ ನಂತರ ಫೋನಿನಲ್ಲಿ ವಿಚಾರಿಸಿಕೊಂಡ ರೋಗಿಗಳಲ್ಲಿ, ಆರು ತಿಂಗಳ ಅವಧಿಯಲ್ಲಿ ಆತ್ಮಹತ್ಯೆಗೆ ಸಂಬಂಧಿಸಿದ ನಡವಳಿಕೆ ಸುಮಾರು 45 ಪ್ರತಿಶತ ಕಡಿಮೆಯಿತ್ತು ಎಂದು 2018ರಲ್ಲಿ ಅಮೆರಿಕದಿಂದ ಬಂದ ಅಧ್ಯಯನವೊಂದು ಹೇಳಿತು.

ಅಮೆರಿಕದ ಕಾಗದ ಮುಂಬಯಿಯ ಮನೆಗೆ ಹಾಗೆಯೇ ಹೊಂದುವುದಿಲ್ಲ. 'ನಿಮ್ಮ ಕೋಣೆಗೆ ಹೋಗಿ ಸಂಗೀತ ಕೇಳಿ' ಎಂದು ಬರೆಯಲು ಕೋಣೆ ಎಲ್ಲಿದೆ? ಆರು ಜನ ಮಲಗುವ ಹಾಲ್‌ನಲ್ಲಿ ಒಬ್ಬರು ಎದ್ದು ಕೂತರೆ ಐವರಿಗೆ ಎಚ್ಚರ. ನನ್ನಲ್ಲಿಗೆ ಬರುವವರ ಕಾಗದಗಳಲ್ಲಿ ಬೇರೆ ಸಾಲುಗಳಿವೆ. 'ಕೆಳಗೆ ಇಳಿದು ವಾಚ್‌ಮನ್ ಪಕ್ಕ ಕೂರುವುದು. ಅವರು ಏನೂ ಕೇಳುವುದಿಲ್ಲ.' 'ದೊಡ್ಡಮ್ಮನಿಗೆ ಫೋನ್ ಮಾಡಿ ಪತ್ರೊಡೆ ಮಾಡುವುದು ಹೇಗೆ ಅಂತ ಕೇಳುವುದು.' 'ಭಜನೆ ಇರುವ ಶನಿವಾರ ದೇವಸ್ಥಾನದಲ್ಲಿ ಹಿಂದಿನ ಸಾಲಿನಲ್ಲಿ ಕೂರುವುದು.' ಯಾವ ಪುಸ್ತಕದಲ್ಲೂ ಇಲ್ಲದ ಈ ಸಾಲುಗಳೇ ರಾತ್ರಿ ಕೈಹಿಡಿಯುತ್ತವೆ, ಏಕೆಂದರೆ ಬರೆದವರಿಗೆ ಆ ವಾಚ್‌ಮನ್ ಗೊತ್ತು, ಆ ದೊಡ್ಡಮ್ಮ ಗೊತ್ತು. ಫೋನಿನಲ್ಲಿ ಸೆಷನ್ ಮಾಡುವವರಿದ್ದರೆ ಪ್ರತಿ ಸಲವೂ ನಾನು ಮೊದಲು ಕೇಳುವುದು "ಈಗ ಎಲ್ಲಿದ್ದೀರಿ" ಎಂದು. ಟೆರೇಸಿನ ಮೇಲೋ, ನಿಂತ ರಿಕ್ಷಾದಲ್ಲೋ, ಸ್ಟೇಷನ್ನಿನ ಸೇತುವೆಯ ಮೇಲೋ ಇರುತ್ತಾರೆ. ಕರೆ ಕಡಿದುಹೋದರೆ ಎಲ್ಲಿಗೆ ಯಾರನ್ನು ಕಳಿಸಬೇಕು ಎಂಬುದು ಕರೆ ಶುರುವಾಗುವಾಗಲೇ ಗೊತ್ತಿರಬೇಕು.

ಮೂರನೆಯದು, ಮನೆಯವರ ಪ್ರಶ್ನೆ. ಹೋಟೆಲಿನ ಹುಡುಗನ ವಿಷಯದಲ್ಲಿ ನಾನು ಎಡವಿದ್ದು ಇಲ್ಲಿ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಂದು ಜಾರಿಗೆ ಬಂತು. ಅದರ 14ನೇ ಕಲಮಿನ ಪ್ರಕಾರ ವಯಸ್ಕರು ಯಾರೇ ಆಗಲಿ ತಮ್ಮ ಪರವಾಗಿ ನಿಲ್ಲುವ ಒಬ್ಬ ಪ್ರತಿನಿಧಿಯನ್ನು ಹೆಸರಿಸಬಹುದು. ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಒತ್ತಿದರೆ ಸಾಕು. ಗಂಡ, ತಂದೆ, ಅಣ್ಣನೇ ಆಗಬೇಕೆಂದಿಲ್ಲ. 23ನೇ ಕಲಮು ರೋಗಿಯ ಗುಟ್ಟನ್ನು ಕಾಯಬೇಕು ಎನ್ನುತ್ತದೆ. ಜೀವಕ್ಕೆ ಅಪಾಯವಿದ್ದಾಗ ಹೇಳಲು ಅವಕಾಶ ಕೊಡುತ್ತದೆ, ಆದರೆ ಆ ಅಪಾಯ ತಪ್ಪಿಸಲು ಎಷ್ಟು ಬೇಕೋ ಅಷ್ಟನ್ನು ಮಾತ್ರ. ಅಣ್ಣನಿಗೆ ನಾನು ಹೇಳಿದ್ದು ಆ ಅಳತೆಯನ್ನು ಮೀರಿತ್ತು. "ಅವನನ್ನು ಒಮ್ಮೆ ನೋಡಿ ಬನ್ನಿ, ಹುಷಾರಿದ್ದಾನಾ ತಿಳಿಸಿ" ಎಂಬಷ್ಟರಲ್ಲಿ ನಿಲ್ಲಿಸಬಹುದಿತ್ತು. ಅದಕ್ಕೂ ಮುಖ್ಯವಾಗಿ, ಯಾರಿಗೆ ಹೇಳಬೇಕು ಎಂದು ಹುಡುಗನನ್ನೇ ಮೊದಲು ಕೇಳಬೇಕಿತ್ತು. ಫಾರ್ಮಿನಲ್ಲಿ 'ತುರ್ತು ಸಂಪರ್ಕ' ಎಂಬ ಖಾನೆ ತುಂಬಿದವನು ಅಪಘಾತವಾದರೆ ಎಂದುಕೊಂಡು ತುಂಬಿದ್ದ.

ಈಗ ಮೊದಲ ದಿನವೇ ಮಾತಾಡುತ್ತೇನೆ. ಯಾವ ಸಂದರ್ಭದಲ್ಲಿ ನಾನು ಗುಟ್ಟು ಮುರಿಯುತ್ತೇನೆ, ಯಾರಿಗೆ, ಯಾವ ಮಾತಿನಲ್ಲಿ ಹೇಳುತ್ತೇನೆ, ಹೇಳುವ ಮೊದಲು ನಿಮಗೆ ಹೇಗೆ ತಿಳಿಸಲು ಪ್ರಯತ್ನಿಸುತ್ತೇನೆ ಎಂಬುದೆಲ್ಲ ಕಾಗದದ ಮೇಲೆ ಬರುತ್ತದೆ. ಯಾರ ಹೆಸರು ಬರೆಯುತ್ತಾರೆ ಎಂಬುದು ನನಗೆ ಪ್ರತಿ ಸಲ ಅಚ್ಚರಿ. ಗಂಡನನ್ನು ಬಿಟ್ಟು ನಾದಿನಿಯ ಹೆಸರು, ತಂದೆಯನ್ನು ಬಿಟ್ಟು ಹೋಟೆಲಿನ ಕ್ಯಾಷಿಯರ್ ಹೆಸರು. ಏಟು ಬೀಳುವುದೇ ಗಂಡನಿಂದ ಎಂದಿರುವಾಗ 'ಮನೆಯವರಿಗೆ ತಿಳಿಸುವುದು' ಎಂದರೆ ಯಾರನ್ನು ಯಾರಿಂದ ಕಾಪಾಡಿದಂತೆ?

ಮನೆಯವರ ಬಾಯಿ ಕಟ್ಟುವ ಇನ್ನೊಂದು ಹಳೆಯ ಭಯವಿದೆ, ಪೊಲೀಸ್ ಕೇಸ್. ಆತ್ಮಹತ್ಯೆಗೆ ಯತ್ನಿಸುವುದು ಭಾರತೀಯ ದಂಡ ಸಂಹಿತೆಯ 309ನೇ ಕಲಮಿನಡಿ ಅಪರಾಧವಾಗಿತ್ತು. ಇದನ್ನು ಅಲುಗಾಡಿಸಿದ ಮೊದಲ ದೊಡ್ಡ ತೀರ್ಪುಗಳಲ್ಲೊಂದು ಬಂದದ್ದು ಈ ಊರಿನಿಂದಲೇ. ರಸ್ತೆ ಅಪಘಾತದ ನಂತರ ಮಾನಸಿಕ ಕಾಯಿಲೆಗೆ ಒಳಗಾಗಿದ್ದ ಮುಂಬಯಿ ಪೊಲೀಸ್ ಕಾನ್‌ಸ್ಟೇಬಲ್ ಮಾರುತಿ ದುಬಾಲ್, ಪಾಲಿಕೆ ಆಯುಕ್ತರ ಕಚೇರಿಯ ಹೊರಗೆ ಜೀವ ಕಳೆದುಕೊಳ್ಳಲು ಯತ್ನಿಸಿದಾಗ ಅವರ ಮೇಲೆಯೇ ಕೇಸ್ ಬಿತ್ತು. 1986ರಲ್ಲಿ ಬಾಂಬೆ ಹೈಕೋರ್ಟ್ ಆ ಕಲಮನ್ನೇ ಅಸಾಂವಿಧಾನಿಕ ಎಂದಿತು. 1994ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹಾಗೆಯೇ ಹೇಳಿ, 1996ರಲ್ಲಿ ಮತ್ತೆ ಆ ಕಲಮನ್ನು ಎತ್ತಿಹಿಡಿಯಿತು. 2018ರಲ್ಲಿ ಜಾರಿಯಾದ ಕಾಯ್ದೆಯ 115ನೇ ಕಲಮು, ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ ಎಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 309 ಇಲ್ಲ. ಸರ್ಕಾರಿ ನೌಕರರ ಕರ್ತವ್ಯಕ್ಕೆ ಒತ್ತಡ ಹೇರಲು ಯತ್ನಿಸುವುದಷ್ಟೇ ಅಪರಾಧವಾಗಿ ಉಳಿದಿದೆ. ಕಾನೂನು ಇಷ್ಟು ದೂರ ಬಂದರೂ, "ಆಸ್ಪತ್ರೆಗೆ ಹೋದ್ರೆ ಕೇಸ್ ಆಗ್ತದೆ, ಮನೆಯಲ್ಲೇ ನೋಡಿಕೊಳ್ಳುವ" ಎನ್ನುವವರು ನನಗೆ ಇಂದಿಗೂ ಸಿಗುತ್ತಾರೆ. ಇದನ್ನು ಓದುತ್ತಿರುವ ನೀವು ನಾಲ್ಕು ಜನರಿಗೆ ಹೇಳಿ. ಆಸ್ಪತ್ರೆಗೆ ತಡವಾಗಿ ಹೋಗಲು ಆ ಭಯ ಇನ್ನು ಕಾರಣವಾಗಬಾರದು.

ನಾಲ್ಕನೆಯದು, ಎರಡು ಭೇಟಿಗಳ ನಡುವೆ ಸಂಪರ್ಕ ಇರಬೇಕೇ ಬೇಡವೇ? ನನ್ನ ಮೊದಲ ತಪ್ಪನ್ನು ಓದಿ, ಥೆರಪಿಸ್ಟ್ ಫೋನನ್ನೇ ಎತ್ತಬಾರದು ಎಂದು ನಾನು ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಹಾಗೆ ವಾದಿಸುವ ಸಹೋದ್ಯೋಗಿಗಳಿದ್ದಾರೆ. ಸೆಷನ್ನಿನ ಹೊರಗೆ ಒಂದು ಮೆಸೇಜಿಗೂ ಉತ್ತರಿಸಬಾರದು, ಇಲ್ಲವಾದರೆ ಅವಲಂಬನೆ ಬೆಳೆಯುತ್ತದೆ ಎನ್ನುತ್ತಾರೆ. ಅವರ ಮಾತಿನಲ್ಲಿ ಸತ್ಯವಿದೆ, ಪೂರ್ತಿಯಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಐದು ಊರುಗಳಲ್ಲಿ ಒಂದು ಅಧ್ಯಯನ ನಡೆಸಿತ್ತು, ಅವುಗಳಲ್ಲಿ ನಮ್ಮ ಚೆನ್ನೈ ಒಂದು. ಆತ್ಮಹತ್ಯೆಗೆ ಯತ್ನಿಸಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದ 1,867 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದಕ್ಕೆ ಅದರ ಜೊತೆ ಒಂದು ಗಂಟೆಯ ಮಾತು, ನಂತರ 18 ತಿಂಗಳಲ್ಲಿ ಒಂಬತ್ತು ಸಲ ಫೋನಿನಲ್ಲೋ ಮನೆಗೆ ಹೋಗಿಯೋ ವಿಚಾರಿಸುವುದು. ಕೊನೆಗೆ ಮೊದಲ ಗುಂಪಿನಲ್ಲಿ ಆತ್ಮಹತ್ಯೆಯಿಂದ ಸತ್ತವರು 2.2 ಪ್ರತಿಶತ, ಎರಡನೆಯದರಲ್ಲಿ 0.2 ಪ್ರತಿಶತ. 2008ರಲ್ಲಿ ಪ್ರಕಟವಾದ ಫಲಿತಾಂಶ ಇದು. ಅದಕ್ಕೂ ಮೊದಲು ಅಮೆರಿಕದ ಜೆರೋಮ್ ಮೊಟೊ ಎಂಬ ಮನೋವೈದ್ಯರು, ಆಸ್ಪತ್ರೆಯಿಂದ ಹೋದ ಮೇಲೆ ಚಿಕಿತ್ಸೆ ಬೇಡವೆಂದ 843 ಜನರಲ್ಲಿ ಅರ್ಧದಷ್ಟು ಮಂದಿಗೆ ಐದು ವರ್ಷ ಆಗಾಗ ಸಣ್ಣ ಕಾಗದ ಬರೆಸಿದ್ದರು. ಹೇಗಿದ್ದೀರಿ, ನೆನಪಾಯಿತು, ಬೇಕೆನಿಸಿದರೆ ಬರೆಯಿರಿ ಎಂಬಷ್ಟೇ ಧಾಟಿ. ಮೊದಲ ಎರಡು ವರ್ಷ ಆ ಗುಂಪಿನಲ್ಲಿ ಸಾವು ಕಡಿಮೆಯಿತ್ತು. ನಂತರದ ಎಲ್ಲ ಅಧ್ಯಯನಗಳೂ ಇಷ್ಟು ಸ್ಪಷ್ಟ ಫಲ ಕೊಟ್ಟಿಲ್ಲ. ಆದರೂ ಒಂದು ಸಂಗತಿ ಗಮನಿಸಿ. ಈ ಎರಡರಲ್ಲೂ ವಿಚಾರಿಸಿದವರು ಸಂಸ್ಥೆಯ ಕಡೆಯವರು, ಮೊದಲೇ ಗೊತ್ತುಮಾಡಿದ ದಿನಗಳಲ್ಲಿ, ಉತ್ತರಕ್ಕೆ ಒತ್ತಾಯವಿಲ್ಲದೆ. ಮಧ್ಯರಾತ್ರಿಯ ಹನ್ನೊಂದು ಕರೆಗಳಿಗೂ ಇದಕ್ಕೂ ಬಹಳ ವ್ಯತ್ಯಾಸವಿದೆ.

ಹಾಗಾಗಿ ಈಗ ನನ್ನ ಪದ್ಧತಿ ಇಷ್ಟು. ಅಪಾಯದ ವಾರಗಳಲ್ಲಿ ಭಾನುವಾರ ಸಂಜೆ ಐದಕ್ಕೆ ಒಂದು ಮೆಸೇಜ್ ಹಾಕುತ್ತೇನೆ. ಮನೆಯವರು ನೋಡಿದರೂ ತೊಂದರೆಯಾಗದಂಥ ಮಾತು, ಮೊದಲೇ ಒಪ್ಪಿಕೊಂಡದ್ದು. ರಾತ್ರಿ ಒಂಬತ್ತರ ಮೇಲೆ ನಾನು ಫೋನ್ ಎತ್ತುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿರುತ್ತೇನೆ. ಆಗ ಏನು ಮಾಡಬೇಕು ಎಂಬುದು ಕಾಗದದಲ್ಲಿದೆ: ಹೆಸರು ಬರೆದ ಆ ವ್ಯಕ್ತಿ, ಹತ್ತಿರದ ಆಸ್ಪತ್ರೆ, ಮತ್ತು 14416. ಟೆಲಿ ಮಾನಸ್ ಎಂಬ ಈ ಉಚಿತ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಶುರುವಾಯಿತು. ಇದರ ಕೇಂದ್ರಸ್ಥಾನ ಬೆಂಗಳೂರಿನ ನಿಮ್ಹಾನ್ಸ್. ದಿನದ 24 ಗಂಟೆಯೂ ಇರುತ್ತದೆ, ಕನ್ನಡವನ್ನು ಆಯ್ದುಕೊಳ್ಳಬಹುದು. ಇಲ್ಲಿ ದೇವನಾರದ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ 2012ರಿಂದ 'ಐಕಾಲ್' ಇದೆ. ಸಹಾಯವಾಣಿಗೆ ಮೊದಲ ಸಲ ಫೋನ್ ಮಾಡುವುದು ಕಷ್ಟ. ಅದಕ್ಕೆ ಆ ಮೊದಲ ಕರೆಯನ್ನು ನನ್ನ ಕೋಣೆಯಲ್ಲೇ, ನಾನು ಪಕ್ಕದಲ್ಲಿರುವಾಗಲೇ ಮಾಡಿಸುತ್ತೇನೆ. ಆ ಕಡೆಯ ದನಿ ಒಮ್ಮೆ ಕೇಳಿದವರಿಗೆ ರಾತ್ರಿ ಎರಡಕ್ಕೆ ಕೈ ನಡುಗುವುದು ಸ್ವಲ್ಪ ಕಡಿಮೆ.

ಇಷ್ಟೆಲ್ಲ ಮಾಡಿದ ಮೇಲೂ ಚಿಂತೆ ಉಳಿಯುತ್ತದೆ. ಅದನ್ನು ಎಲ್ಲಿ ಇಡಬೇಕು? ಮನೆಯವರ ಮುಂದೆ ಇಡುವಂತಿಲ್ಲ, ಅದು ಬೇರೆಯವರ ಗುಟ್ಟು. ಮುಂಬಯಿಯ ಉಪನಗರದ ಥೆರಪಿಸ್ಟ್ ಎಂದರೆ ಬಹಳ ಸಲ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದ ಒಂದು ಕ್ಯಾಬಿನ್, ಒಂದು ಫೋನು, ಮೇಲಿನವರು ಯಾರೂ ಇಲ್ಲ. ಕ್ಲಿನಿಕಲ್ ಸೈಕಾಲಜಿಸ್ಟರಿಗೆ ಪುನರ್ವಸತಿ ಮಂಡಳಿಯ ನೋಂದಣಿ ಇದೆ. ಆಪ್ತಸಲಹೆಗಾರರನ್ನು ಒಂದು ಚೌಕಟ್ಟಿಗೆ ತರುವ ಕೇಂದ್ರದ ಕಾನೂನು ಬಂದದ್ದು 2021ರಲ್ಲಷ್ಟೇ. ನಾವು ಮೂವರು ಹದಿನೈದು ದಿನಕ್ಕೊಮ್ಮೆ ಮಾಟುಂಗದಲ್ಲಿ ಸೇರುತ್ತೇವೆ, ನಮಗಿಂತ ಹಿರಿಯರೊಬ್ಬರಿಗೆ ಫೀಸು ಕೊಟ್ಟು ಮಾರ್ಗದರ್ಶನ ಪಡೆಯುತ್ತೇವೆ. ಹೆಸರಿಲ್ಲದೆ ಸಂಗತಿ ಹೇಳುತ್ತೇವೆ, "ಇದನ್ನು ನೀನು ಯಾಕೆ ಕೇಳಲಿಲ್ಲ" ಎಂದು ಬೈಸಿಕೊಳ್ಳುತ್ತೇವೆ, ಬರೆದುಕೊಳ್ಳುತ್ತೇವೆ. ಗುರುವಾರದ ರಾತ್ರಿ ಮಡಿಲಲ್ಲಿದ್ದ ಕೆಂಡ ಅಲ್ಲಿ ನಾಲ್ಕು ಜನರ ನಡುವೆ ನೆಲದ ಮೇಲೆ ಇರುತ್ತದೆ. ಥೆರಪಿಸ್ಟರನ್ನು ನೇಮಿಸಿಕೊಳ್ಳುವ ಶಾಲೆ, ಕಂಪನಿ, ಸಂಸ್ಥೆಗಳು ಈ ಮಾರ್ಗದರ್ಶನಕ್ಕೆ ಹಣ ಕೊಡಬೇಕು. ಒಬ್ಬಂಟಿ ಥೆರಪಿಸ್ಟ್ ಗಾಬರಿಯಲ್ಲಿ ಮಾಡುವ ತಪ್ಪಿಗೆ ಬೆಲೆ ತೆರುವವರು ಬೇರೆಯವರು.

ಇಲ್ಲಿನ ಕನ್ನಡಿಗರಿಗೂ ಒಂದು ಮಾತು. ಈ ಊರಿನಲ್ಲಿ ನಮಗೆ ಸಂಘಗಳ ಕೊರತೆಯಿಲ್ಲ. 1926ರ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘದಿಂದ ಹಿಡಿದು ಪ್ರತಿ ಉಪನಗರಕ್ಕೊಂದು, ಪ್ರತಿ ಸಮಾಜಕ್ಕೊಂದು ಇದೆ. ಯಕ್ಷಗಾನವಿದೆ, ವಿದ್ಯಾರ್ಥಿವೇತನವಿದೆ, ರಕ್ತದಾನ ಶಿಬಿರವಿದೆ. ಕನ್ನಡ, ತುಳು ಬಲ್ಲ ಇಪ್ಪತ್ತು ಜನರಿಗೆ, ನೇರವಾಗಿ ಕೇಳುವುದು ಹೇಗೆ, ಆಸ್ಪತ್ರೆಗೆ ಜೊತೆ ಹೋಗುವುದು ಹೇಗೆ ಎಂದು ಕಲಿಸಲು ಒಂದು ಭಾನುವಾರ, ಒಂದು ಸಭಾಂಗಣ ಸಾಕು. ನನ್ನಲ್ಲಿಗೆ ಬರುವ ಎಷ್ಟೋ ಜನರ ಕಾಗದದಲ್ಲಿ ನಾಲ್ಕನೇ ಮೆಟ್ಟಿಲು ಖಾಲಿ ಬಿದ್ದಿರುತ್ತದೆ: 'ಯಾರಿಗೆ ಬಾಯಿಬಿಟ್ಟು ಹೇಳಬಹುದು?' ಆ ಖಾನೆಯನ್ನು ನಾನು ತುಂಬಲಾರೆ. ನಿಮ್ಮ ಮನೆಯಲ್ಲಿ ಯಾರಾದರೂ ಥೆರಪಿಗೆ ಹೋಗುತ್ತಿದ್ದರೆ, "ಅಲ್ಲಿ ಏನು ಹೇಳಿದೆ" ಎಂದು ಕೇಳಬೇಡಿ. "ರಾತ್ರಿ ಎಬ್ಬಿಸಬಹುದಾದವರ ಹೆಸರು ಬರೆಯಲು ಹೇಳಿದರೆ ನನ್ನದನ್ನು ಬರಿ" ಎನ್ನಿ.

ಯಾವ ಕಾಗದವೂ ಖಾತರಿ ಕೊಡುವುದಿಲ್ಲ. ಎಲ್ಲವನ್ನೂ ಸರಿಯಾಗಿ ಮಾಡಿಯೂ ಒಬ್ಬರನ್ನು ಕಳೆದುಕೊಂಡ ಥೆರಪಿಸ್ಟರಿದ್ದಾರೆ. ಅವರ ದುಃಖಕ್ಕೆ ತೋರಿಸಿಕೊಳ್ಳುವ ಜಾಗವೂ ಇಲ್ಲ, ಉತ್ತರಕ್ರಿಯೆಗೆ ಹೋಗುವ ಸಂಬಂಧವೂ ಇಲ್ಲ. ಅದು ನನಗೂ ಒಂದು ದಿನ ಬರಬಹುದು. ಅದರ ಭಯದಿಂದ ಕೆಲಸ ಮಾಡಿದರೆ ನಾನು ಮತ್ತೆ ಅಣ್ಣನಿಗೆ ಫೋನ್ ಮಾಡುವವಳಾಗುತ್ತೇನೆ.

ಆ ಗುರುವಾರ ಸಂಜೆ ನಾನು ಎದ್ದು ಹೋಗಿ ಹೊರಗೆ ಕಾಯುತ್ತಿದ್ದವರ ಬಳಿ ಅರ್ಧ ಗಂಟೆ ಕೇಳಿಕೊಂಡೆ. ಬಾಗಿಲು ಹಾಕಿ, "ಚಪ್ಪಲಿ ಬಿಡು, ಕೂತ್ಕೋ" ಎಂದೆ. ನೇರವಾಗಿ ಕೇಳಿದೆ. ಅವಳು ಬಹಳ ಹೊತ್ತು ಕೊಡೆಯ ಹಿಡಿ ತಿರುಗಿಸುತ್ತಾ ಕೂತಿದ್ದಳು, ಆಮೇಲೆ ಹೇಳಿದಳು. ಕಾಗದ ಬರೆದಾಗ ಎಂಟು ಗಂಟೆ ದಾಟಿತ್ತು. ನಾಲ್ಕನೇ ಮೆಟ್ಟಿಲಲ್ಲಿ ಒಂದು ಹೆಸರು ಬರೆದು, ನನ್ನೆದುರೇ ಅವರಿಗೆ ಫೋನ್ ಮಾಡಿದಳು. ಅವಳಿಗೆ ಟೈಲರಿಂಗ್ ಕಲಿಸುತ್ತಾರೆಂದು ಮನೆಯಲ್ಲಿ ಹೇಳಿದ್ದ ಆಂಟಿ. ಡೊಂಬಿವಲಿ ಸ್ಟೇಷನ್ನಿಗೆ ಬಂದು ಅವಳನ್ನು ಕರೆದುಕೊಂಡು ಹೋದವರು ಅವರೇ. ಆ ರಾತ್ರಿ ಅವಳು ಅವರ ಮನೆಯಲ್ಲಿ ಮಲಗಿದಳು, ಮರುದಿನ ಇಬ್ಬರೂ ಸೇರಿ ಮನೋವೈದ್ಯರನ್ನು ನೋಡಿ ಬಂದರು. ಕ್ಲಾಸಿನಲ್ಲಿ ಕೆಲಸ ಹೆಚ್ಚಿದೆ ಎಂದು ಅತ್ತೆಗೆ ಆಂಟಿಯೇ ಫೋನಿನಲ್ಲಿ ಹೇಳಿದರಂತೆ.

ನನಗೆ ಆ ರಾತ್ರಿಯೂ ಅಷ್ಟೇನೂ ನಿದ್ದೆ ಬರಲಿಲ್ಲ. ಮುಂದಿನ ಗುರುವಾರ ಅವಳು ಹತ್ತು ನಿಮಿಷ ತಡವಾಗಿ ಬಂದಳು. ದಿವಾದಲ್ಲಿ ಗಾಡಿ ನಿಂತುಬಿಟ್ಟಿತ್ತು ಅಕ್ಕ, ಎಂದಳು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಮೊಬೈಲ್ ಕವರಿನ ಒಳಗೆ ಇಟ್ಟುಕೊಂಡಿದ್ದಳು. ಮಳೆಯಲ್ಲಿ ಅಂಚು ಒದ್ದೆಯಾಗಿತ್ತು. ಇನ್ನೊಂದು ಬರೆದುಕೊಂಡೆವು.